ಮಗಳು ಯಾರಿಗಾಗಿ ಈಜಬೇಕು?

ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಚೆನ್ನಾಗಿ ಈಜುತ್ತಾಳೆ ಎಂದಿಟ್ಟುಕೊಳ್ಳಿ. ಶಾಲಾ ಸ್ಪರ್ಧೆಗಳಲ್ಲಿ ಪದಕಗಳನ್ನೂ ಗಳಿಸಿದ್ದಾಳೆ. ರಜೆಯಲ್ಲಿ ಒಂದು ವಾರದ ಈಜು ತಂತ್ರ ಶಿಬಿರಕ್ಕೆ ಕಳುಹಿಸಿದರೆ ಇನ್ನೂ ಮುಂದೆ ಬರುತ್ತಾಳೆಂದು ತರಬೇತುದಾರರು ಹೇಳುತ್ತಾರೆ. ಆಗ ಮನೆಯಲ್ಲಿ ಚರ್ಚೆ ಆರಂಭವಾಗುತ್ತದೆ. ಖರ್ಚೆಷ್ಟು? ಓದಿಗೆ ತೊಂದರೆಯಾಗದೇ? ಉಡುಪಿನ ವಿಷಯವೇನು? ಬಂಧುಗಳು, ನೆರೆಹೊರೆಯವರು ಏನೆಂದಾರು? ಇವೆಲ್ಲವೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ, ಹೆಚ್ಚಿನವರು ಕೇಳದೆಯೇ ಬಿಡುವ ಪ್ರಶ್ನೆ ಇನ್ನೊಂದಿದೆ. ಈ ಶಿಬಿರ ಯಾರಿಗಾಗಿ? ಹುಡುಗಿಗಾಗಿಯೋ ಅಥವಾ ಅವಳಿಂದ ಸಿಗಬಹುದಾದ ಪದಕಕ್ಕಾಗಿಯೋ?

ಎರಡೂ ಒಂದೇ ಅಲ್ಲವೇ ಎಂದು ನೀವು ಕೇಳಬಹುದು. ಪದಕ ಬಂದರೆ ಹುಡುಗಿಗೇ ತಾನೇ ಒಳಿತು? ಮೇಲ್ನೋಟಕ್ಕೆ ಹಾಗೆಯೇ ಕಾಣುತ್ತದೆ. ಆದರೆ ಇವೆರಡರ ನಡುವೆ ಎಷ್ಟು ದೊಡ್ಡ ಅಂತರವಿದೆಯೆಂಬುದನ್ನು ಈಜಿನ ಇತಿಹಾಸವೇ ನಮಗೆ ತಿಳಿಸುತ್ತದೆ.

ನೀರು ಕಲಿಸುವ ಪಾಠ

ಇಂತಹ ಶಿಬಿರಗಳು ಹೆಚ್ಚಾಗಿ ಬೆಳೆದಿರುವುದು ಅಮೇರಿಕಾದಲ್ಲಿ. ಬೇಸಗೆಯಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳ ಈಜುಕೊಳಗಳಲ್ಲಿ ಹದಿಹರೆಯದ ಹುಡುಗಿಯರು ಕೆಲವು ದಿನ ತಂಗಿ ತರಬೇತಿ ಪಡೆಯುತ್ತಾರೆ. ಹೆಚ್ಚು ದೂರ ಈಜಿಸುವುದು ಅಲ್ಲಿನ ಮುಖ್ಯ ಉದ್ದೇಶವಲ್ಲ. ಈಜುವ ರೀತಿಯನ್ನು ತಿದ್ದುವುದೇ ಅಲ್ಲಿನ ಕೆಲಸ.

ಇದಕ್ಕೆ ಕಾರಣವಿದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದು. ವೇಗ ಎರಡು ಪಟ್ಟಾದರೆ ನೀರು ಒಡ್ಡುವ ತಡೆ ಹೆಚ್ಚು ಕಡಿಮೆ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ನೀರಿನಲ್ಲಿ ಬಲ ಪ್ರಯೋಗ ಮಾಡಿ ಗೆಲ್ಲುವುದಕ್ಕೆ ಒಂದು ಮಿತಿಯಿದೆ. ತಲೆ ಸ್ವಲ್ಪ ಎತ್ತಿದರೆ ಸೊಂಟ, ಕಾಲು ಕೆಳಗಿಳಿಯುತ್ತವೆ. ಕಾಲು ಇಳಿದರೆ ಇಡೀ ದೇಹವೇ ನೀರಿಗೆ ಅಡ್ಡಗೋಡೆಯಾಗುತ್ತದೆ. ಫ್ರೀಸ್ಟೈಲ್‌ನಲ್ಲಿ ಕೈ ನೀರನ್ನು ಹಿಡಿಯುವಾಗ ಮೊಣಕೈ ಕುಸಿದರೆ ನೀರು ಹಿಂದಕ್ಕೆ ತಳ್ಳಲ್ಪಡದೆ ಅಂಗೈಯಿಂದ ಜಾರಿ ಹೋಗುತ್ತದೆ. ನೀರಿನೊಳಗಿಟ್ಟ ಕ್ಯಾಮರಾದಿಂದ ಚಿತ್ರೀಕರಿಸಿ ಹುಡುಗಿಗೆ ಅವಳದೇ ಈಜನ್ನು ತೋರಿಸಲಾಗುತ್ತದೆ. ತಾನು ನೇರವಾಗಿದ್ದೇನೆಂದು ಭಾವಿಸಿದ್ದವಳು ತಾನು ಬಾಗಿರುವುದನ್ನು ಆಗ ನೋಡುತ್ತಾಳೆ.

ನಂತರ ಅವಳಿಗೆ ಸಿಗುವ ಮೊದಲ ಸೂಚನೆ ಏನು ಗೊತ್ತೇ? ನಿಧಾನವಾಗಿ ಈಜು ಎಂಬುದು. ವೇಗ ಪಡೆಯಲು ಬಂದವಳು ಮೊದಲು ವೇಗವನ್ನು ಬಿಟ್ಟುಕೊಡಬೇಕು. ಹಳೆಯ ಅಭ್ಯಾಸವನ್ನು ಅಳಿಸಿ ಹೊಸದನ್ನು ರೂಢಿಸಿಕೊಳ್ಳುವಾಗ ಆರಂಭದಲ್ಲಿ ಸಮಯ ಕೆಡುವುದೂ ಉಂಟು. ನಿನ್ನೆಗಿಂತ ಇಂದು ಹಿಂದೆ ಬಿದ್ದರೂ ದಾರಿ ಸರಿಯಿದೆಯೆಂದು ನಂಬಿ ಮುಂದುವರಿಯಬೇಕು. ಇದು ಸಣ್ಣ ಪಾಠವಲ್ಲ. ತಪ್ಪನ್ನು ನೋಡಿ ಒಪ್ಪಿಕೊಳ್ಳುವ ಧೈರ್ಯ, ತಿದ್ದಿಕೊಳ್ಳುವ ಸಹನೆ, ನೋಡುವವರಿಗೆ ಕಾಣದ ನೀರಿನಡಿಯಲ್ಲೂ ಕೆಲಸವನ್ನು ಚೆನ್ನಾಗಿ ಮಾಡುವ ಪ್ರಾಮಾಣಿಕತೆ ಇದರಲ್ಲಿ ಅಡಗಿದೆ. ಯಾವ ಕೆಲಸವನ್ನೂ ಅತ್ಯುತ್ತಮವಾಗಿ ಮಾಡುವುದಕ್ಕೆ ನಾವು ಇಹ್ಸಾನ್ ಎನ್ನುತ್ತೇವೆ. ಅದರ ಅಭ್ಯಾಸ ಪುಸ್ತಕದ ಮುಂದೆ ಮಾತ್ರ ನಡೆಯಬೇಕೆಂದೇನೂ ಇಲ್ಲ.

ಹುಡುಗಿ ಸಾಧನವಾದಾಗ

ಇಷ್ಟು ಒಳ್ಳೆಯ ವಿಷಯವೂ ಉದ್ದೇಶ ಕೆಟ್ಟಾಗ ಹೇಗೆ ಕ್ರೌರ್ಯವಾಗಿ ಮಾರ್ಪಡುತ್ತದೆ ಎಂಬುದಕ್ಕೆ ಪೂರ್ವ ಜರ್ಮನಿ ಸಾಕ್ಷಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಆ ದೇಶದ ಈಜುಗಾರ್ತಿಯರಿಗೆ ಒಂದೂ ಚಿನ್ನ ಸಿಕ್ಕಿರಲಿಲ್ಲ. ನಾಲ್ಕೇ ವರ್ಷಗಳ ಬಳಿಕ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 13 ಸ್ಪರ್ಧೆಗಳ ಪೈಕಿ 11ರಲ್ಲಿ ಅವರೇ ಗೆದ್ದರು. ಜಗತ್ತು ಬೆರಗಾಯಿತು. ಅನುಮಾನ ವ್ಯಕ್ತಪಡಿಸಿದ ಅಮೇರಿಕಾದ ಈಜುಗಾರ್ತಿ ಶರ್ಲಿ ಬಬಾಶಾಫ್‌ರನ್ನು ಪತ್ರಿಕೆಗಳು ಸೋಲನ್ನು ಸಹಿಸದವಳೆಂದು ಗೇಲಿ ಮಾಡಿದವು.

ಬರ್ಲಿನ್ ಗೋಡೆ ಬಿದ್ದ ಬಳಿಕ ಕಡತಗಳು ಹೊರಬಂದವು. 1974ರಲ್ಲಿ ಸರಕಾರವೇ ರಹಸ್ಯ ಯೋಜನೆಯೊಂದನ್ನು ರೂಪಿಸಿ ಕ್ರೀಡಾಪಟುಗಳಿಗೆ ಪುರುಷ ಹಾರ್ಮೋನಿನ ಗುಣವುಳ್ಳ ಔಷಧಿಗಳನ್ನು ಕೊಡಿಸುತ್ತಿತ್ತು. ಅದನ್ನು ನುಂಗಿದವರಲ್ಲಿ ಅನೇಕರು ಹದಿಹರೆಯದ ಹುಡುಗಿಯರು. ಅವು ವಿಟಮಿನ್ ಮಾತ್ರೆಗಳೆಂದು ಅವರಿಗೆ ಹೇಳಲಾಗಿತ್ತು. ಅವರ ಧ್ವನಿ ಗಡಸಾಯಿತು, ದೇಹದ ಸ್ವರೂಪ ಬದಲಾಯಿತು. ಎಷ್ಟೋ ಮಂದಿ ಮುಂದೆ ದೀರ್ಘ ಕಾಲ ಕಾಯಿಲೆಗಳಿಂದ ನರಳಿದರು. ಅಂದಿನ ಕ್ರೀಡಾ ಮುಖ್ಯಸ್ಥ ಮ್ಯಾನ್‌ಫ್ರೆಡ್ ಎವಾಲ್ಡ್ ಮತ್ತು ವೈದ್ಯ ಮ್ಯಾನ್‌ಫ್ರೆಡ್ ಹೋಪ್ನರ್‌ರನ್ನು 2000ದಲ್ಲಿ ಬರ್ಲಿನ್ ನ್ಯಾಯಾಲಯ ಅಪರಾಧಿಗಳೆಂದು ಘೋಷಿಸಿತು. ಆದರೆ ಕಳೆದುಹೋದ ಆರೋಗ್ಯವನ್ನು ಯಾವ ನ್ಯಾಯಾಲಯ ಹಿಂದಿರುಗಿಸಬಲ್ಲದು?

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಆ ಹುಡುಗಿಯರು ಕಷ್ಟಪಟ್ಟು ತರಬೇತಿ ಪಡೆದವರು. ಅವರ ಈಜಿನ ತಂತ್ರವೂ ಉತ್ತಮ ಮಟ್ಟದ್ದಾಗಿತ್ತು. ಕೊರತೆಯಿದ್ದುದು ಅವರ ಶ್ರಮದಲ್ಲಲ್ಲ, ಅವರನ್ನು ನೋಡಿದವರ ಕಣ್ಣಿನಲ್ಲಿ. ದೇಶದ ಕೀರ್ತಿ ಗುರಿಯಾಯಿತು, ಹುಡುಗಿ ಸಾಧನವಾದಳು. ಮನುಷ್ಯಜೀವಿಯನ್ನು ಸಾಧನವಾಗಿ ಬಳಸಲು ಒಮ್ಮೆ ಒಪ್ಪಿದರೆ ಎಲ್ಲಿ ನಿಲ್ಲಬೇಕೆಂದು ಹೇಳುವವರು ಯಾರೂ ಉಳಿಯುವುದಿಲ್ಲ.

ವಿಶ್ವಾಸವಿರಲಿ, ಕಣ್ಣೂ ತೆರೆದಿರಲಿ

ಅದು ಸರ್ವಾಧಿಕಾರದ ನಾಡು, ಸ್ವತಂತ್ರ ದೇಶಗಳಲ್ಲಿ ಹಾಗಾಗುವುದಿಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಅಮೇರಿಕಾದಲ್ಲಿ ಕೆಲವು ಈಜು ತರಬೇತುದಾರರು ತಮ್ಮ ಕೈಕೆಳಗಿನ ಹುಡುಗಿಯರ ಮೇಲೆ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯ ನಡೆಸಿದ್ದು 2010ರಲ್ಲಿ ದೊಡ್ಡ ಸುದ್ದಿಯಾಯಿತು. ಶಾಶ್ವತವಾಗಿ ನಿಷೇಧಿಸಲ್ಪಟ್ಟ ತರಬೇತುದಾರರ ಹೆಸರುಗಳನ್ನು ಅಲ್ಲಿನ ಈಜು ಸಂಸ್ಥೆ ಅದೇ ವರ್ಷ ಪ್ರಕಟಿಸಬೇಕಾಯಿತು. 2017ರಲ್ಲಿ ಇಂತಹ ದೂರುಗಳ ವಿಚಾರಣೆಗೆ ಪ್ರತ್ಯೇಕ ಕೇಂದ್ರ ತೆರೆಯಲ್ಪಟ್ಟಿತು. 2018ರಲ್ಲಿ ಕಾನೂನೂ ಬಂತು. ಹುಡುಗಿಯರು ಮಾತಾಡಿರಲಿಲ್ಲವೆಂದಲ್ಲ. ಅವರ ಮಾತಿಗಿಂತ ತರಬೇತುದಾರರ ಹೆಸರಿಗೆ ಹೆಚ್ಚು ಬೆಲೆಯಿತ್ತು.

ಈಗ ಅಲ್ಲಿರುವ ನಿಯಮಗಳ ತಿರುಳು ಸರಳ. ಹಿರಿಯರೊಬ್ಬರು ಅಪ್ರಾಪ್ತ ಕ್ರೀಡಾಪಟುವಿನೊಂದಿಗೆ ಇತರರ ಕಣ್ಣಿಗೆ ಬೀಳದಂತೆ ಒಬ್ಬಂಟಿಯಾಗಿ ಇರಬಾರದು. ಮಕ್ಕಳಿಗೆ ಖಾಸಗಿಯಾಗಿ ಸಂದೇಶ ಕಳುಹಿಸಬಾರದು, ಅದು ಹೆತ್ತವರಿಗೂ ತಿಳಿದಿರಬೇಕು. ಉಡುಪು ಬದಲಾಯಿಸುವ ಕೋಣೆಯಲ್ಲಿ ಕ್ಯಾಮರಾ ಬಳಸಬಾರದು. ತರಬೇತಿಯನ್ನು ಹೆತ್ತವರು ನೋಡಲು ಅವಕಾಶವಿರಬೇಕು. ಅನ್ಯ ಸ್ತ್ರೀಪುರುಷರು ಏಕಾಂತದಲ್ಲಿರಬಾರದೆಂಬ ಶಿಸ್ತು ಗೊತ್ತಿರುವ ನಿಮಗೆ ಇದು ಹೊಸತೆನಿಸಲಾರದು. ಆದರೆ ಗೊತ್ತಿರುವುದು ಬೇರೆ, ವಿಚಾರಿಸುವುದು ಬೇರೆ. ಮೊಣಕೈ, ಭುಜ, ಸೊಂಟದ ನಿಲುವನ್ನು ತಿದ್ದಬೇಕಾದ ವಿದ್ಯೆಯಿದು. ಮಹಿಳಾ ತರಬೇತುದಾರರಿದ್ದಾರೆಯೇ? ಮುಟ್ಟುವ ಮೊದಲು ಹುಡುಗಿಯ ಒಪ್ಪಿಗೆ ಕೇಳುತ್ತಾರೆಯೇ? ನೀರಿನೊಳಗೆ ತೆಗೆದ ಚಿತ್ರಗಳು ಯಾರ ಬಳಿ ಇರುತ್ತವೆ? ರಾತ್ರಿ ಹಾಸ್ಟೆಲಿನಲ್ಲಿ ಯಾರ ಮೇಲ್ವಿಚಾರಣೆಯಿದೆ? ಇವನ್ನು ಕೇಳಲು ಸಂಕೋಚಪಡಬೇಡಿ. ಪ್ರಾಮಾಣಿಕ ತರಬೇತುದಾರರು ಈ ಪ್ರಶ್ನೆಗಳಿಗೆ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡರೆ ಅದುವೇ ಉತ್ತರ.

ಎಲ್ಲಕ್ಕಿಂತ ಮುಖ್ಯವಾಗಿ, ಮಗಳು ಏನಾದರೂ ಹೇಳಿದರೆ ಅವಳನ್ನು ನಂಬಿರಿ. ಮರ್ಯಾದೆಯ ಹೆಸರಿನಲ್ಲಿ ಅವಳ ಬಾಯಿ ಮುಚ್ಚಿಸುವ ಮನೆ ಅಪರಾಧಿಗೆ ಅತ್ಯಂತ ಸುರಕ್ಷಿತ ತಾಣ.

ದೇಹದ ಹಕ್ಕು

ಹದಿಹರೆಯದಲ್ಲಿ ಹುಡುಗಿಯ ದೇಹ ಬದಲಾಗುತ್ತದೆ. ಎತ್ತರ, ತೂಕ, ಸೊಂಟದ ಅಗಲ ಬದಲಾದಂತೆ ನೀರಿನಲ್ಲಿ ಅವಳ ಸಮತೋಲನವೂ ಬದಲಾಗುತ್ತದೆ. ಹನ್ನೆರಡರಲ್ಲಿ ಸರಾಗವಾಗಿ ಸುಧಾರಿಸುತ್ತಿದ್ದ ಸಮಯ ಹದಿನಾಲ್ಕರಲ್ಲಿ ನಿಂತುಬಿಡಬಹುದು. ಇದು ಸೋಮಾರಿತನವಲ್ಲ, ಸೃಷ್ಟಿಯ ಕ್ರಮ. ಆದರೆ ಇದನ್ನು ಅರಿಯದ ಹೆತ್ತವರು ಬೈಯುತ್ತಾರೆ, ಅರಿಯದ ತರಬೇತುದಾರರು ತೂಕ ಇಳಿಸಲು ಹೇಳುತ್ತಾರೆ. ಹುಡುಗಿ ಊಟ ಬಿಡುತ್ತಾಳೆ. ಶ್ರಮಕ್ಕೆ ತಕ್ಕ ಆಹಾರವಿಲ್ಲದಿದ್ದರೆ ಮುಟ್ಟು ನಿಲ್ಲಬಹುದು, ಎಲುಬುಗಳು ದುರ್ಬಲವಾಗಬಹುದು ಎಂದು ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಎಚ್ಚರಿಸಿದ್ದಾರೆ. ಈಜುಗಾರರಲ್ಲಿ ಭುಜದ ನೋವು ಎಷ್ಟು ಸಾಮಾನ್ಯವೆಂದರೆ ಅದಕ್ಕೆ 'ಈಜುಗಾರರ ಭುಜ' ಎಂದೇ ಹೆಸರು ಬಿದ್ದಿದೆ. ನಮ್ಮ ದೇಹಕ್ಕೆ ನಮ್ಮ ಮೇಲೆ ಹಕ್ಕಿದೆಯೆಂದು ನಂಬುವವರು ನೋವನ್ನು ಅಡಗಿಸುವುದೇ ಶೌರ್ಯವೆಂದು ಮಗಳಿಗೆ ಕಲಿಸಬಾರದು.

ಶಿಬಿರದಲ್ಲಿರುವ ಮಗಳಿಗೆ ಸಂಜೆ ಫೋನ್ ಮಾಡಿದಾಗ ನೀವು ಮೊದಲು ಏನು ಕೇಳುತ್ತೀರಿ? "ಟೈಮಿಂಗ್ ಎಷ್ಟು ಬಂತು?" ಎಂದೋ ಅಥವಾ "ಊಟ ಆಯಿತೇ ಮಗಳೇ, ಇವತ್ತು ಏನು ಕಲಿತೆ?" ಎಂದೋ? ನಿಮ್ಮ ಉದ್ದೇಶ ಯಾವುದೆಂದು ಆ ಮೊದಲ ಪ್ರಶ್ನೆಯಿಂದಲೇ ಅವಳಿಗೆ ತಿಳಿದುಬಿಡುತ್ತದೆ.

ಹಾಗಾದರೆ ಕಳುಹಿಸದಿರುವುದೇ ಲೇಸಲ್ಲವೇ?

ಇಷ್ಟೆಲ್ಲ ಅಪಾಯಗಳಿರುವಾಗ ಮನೆಯಲ್ಲೇ ಇರಿಸಿಕೊಳ್ಳುವುದು ಕ್ಷೇಮವಲ್ಲವೇ ಎಂದು ಕೆಲವರಿಗೆ ಅನಿಸಬಹುದು. ಆದರೆ ತಡೆಯುವುದೂ ಒಂದು ತೀರ್ಮಾನವೇ. ಅದಕ್ಕೂ ನಾವು ಉತ್ತರ ಹೇಳಬೇಕಾಗುತ್ತದೆ. ಇದೇ ಅಪಾಯಗಳಿರುವಲ್ಲಿಗೆ ಮಗನನ್ನು ಯೋಚಿಸದೆ ಕಳುಹಿಸುವವರು ಮಗಳ ವಿಷಯದಲ್ಲಿ ಮಾತ್ರ ಎಚ್ಚರವಹಿಸುವುದಾದರೆ ಅದು ಎಚ್ಚರವಲ್ಲ, ತಾರತಮ್ಯ. ಪ್ರವಾದಿ(ಸ)ರವರು ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದ್ದು, ಮೊದಲ ಸಲ ಆಯಿಶಾ(ರ)ರವರೇ ಗೆದ್ದದ್ದು ಹದೀಸ್‌ನಲ್ಲಿ ವರದಿಯಾಗಿದೆ.

ಸಿರಿಯಾದ ಯುಸ್ರಾ ಮರ್ದಿನಿಯನ್ನು ನೆನೆಯಿರಿ. ಡಮಾಸ್ಕಸ್‌ನಲ್ಲಿ ತಂದೆಯೇ ಅವಳಿಗೆ ಈಜು ಕಲಿಸಿದ ತರಬೇತುದಾರರು. 2015ರಲ್ಲಿ ಯುದ್ಧದಿಂದ ಪಾರಾಗಿ ಟರ್ಕಿಯಿಂದ ಗ್ರೀಸ್‌ಗೆ ಹೊರಟ ರಬ್ಬರ್ ದೋಣಿಯ ಇಂಜಿನ್ ನಡು ಸಮುದ್ರದಲ್ಲಿ ನಿಂತುಹೋಯಿತು. ಕೆಲವೇ ಮಂದಿ ಹಿಡಿಸುವ ದೋಣಿಯಲ್ಲಿ ಹದಿನೆಂಟಕ್ಕೂ ಹೆಚ್ಚು ಜನರಿದ್ದರು. ಆಗ ಅವಳಿಗೆ 17 ವರ್ಷ. ಅವಳು, ಅಕ್ಕ ಸಾರಾ ಮತ್ತು ಇತರ ಕೆಲವರು ನೀರಿಗಿಳಿದು ಹಗ್ಗ ಹಿಡಿದು ದೋಣಿಯ ಭಾರ ಇಳಿಸಿದರು. ಮೂರು ತಾಸಿಗೂ ಹೆಚ್ಚು ಹೊತ್ತಿನ ಬಳಿಕ ಎಲ್ಲರೂ ಲೆಸ್ಬೋಸ್ ದಡ ಸೇರಿದರು. 2016ರಲ್ಲಿ ಅವಳು ರಿಯೋ ಒಲಿಂಪಿಕ್ಸ್‌ನಲ್ಲಿ ನಿರಾಶ್ರಿತರ ತಂಡದ ಪರವಾಗಿ ಈಜಿದಳು, ಪದಕ ಬರಲಿಲ್ಲ. ಅವಳ ತಂದೆ ಕಲಿಸಿದ ವಿದ್ಯೆ ವ್ಯರ್ಥವಾಯಿತೆಂದು ಯಾರು ಹೇಳಿಯಾರು?

ಉಡುಪಿನ ಪ್ರಶ್ನೆಯನ್ನೂ ಮುಚ್ಚಿಡುವುದು ಬೇಡ. 2010ರಿಂದ ಜಾರಿಯಲ್ಲಿರುವ ಅಂತಾರಾಷ್ಟ್ರೀಯ ನಿಯಮದಂತೆ ಕೊಳದ ಸ್ಪರ್ಧೆಗಳಲ್ಲಿ ಮಹಿಳೆಯರ ಈಜುಡುಗೆ ಕುತ್ತಿಗೆಯನ್ನು ಮುಚ್ಚುವಂತಿಲ್ಲ, ಭುಜದಾಚೆಗೂ ಮೊಣಕಾಲಿನ ಕೆಳಗೂ ಹೋಗುವಂತಿಲ್ಲ. ಮೈ ಮುಚ್ಚಿಕೊಂಡೇ ಈಜುತ್ತೇನೆನ್ನುವ ಹುಡುಗಿಗೆ ಆ ಸ್ಪರ್ಧೆಯ ದಾರಿ ಕಠಿಣ. ಆದರೆ ಕಲಿಕೆಯ ದಾರಿ ಮುಚ್ಚಿಲ್ಲ. ಪೂರ್ಣ ಈಜುಡುಗೆಗಳಿವೆ, ಮಹಿಳೆಯರಿಗೆ ಮಾತ್ರ ಮೀಸಲಾದ ವೇಳೆಯಿರುವ ಕೊಳಗಳೂ ಇವೆ. ಎಲ್ಲಿಯವರೆಗೆ ಹೋಗಬೇಕೆಂಬುದನ್ನು ಮಗಳನ್ನು ಕೂರಿಸಿಕೊಂಡು ತೀರ್ಮಾನಿಸಿ, ಅವಳ ಬೆನ್ನ ಹಿಂದೆ ಅಲ್ಲ.

ನಮ್ಮ ಬೆಂಗಳೂರಿನಿಂದ ನಿಶಾ ಮಿಲೆಟ್ 2000ದಲ್ಲಿ, ಶಿಖಾ ಟಂಡನ್ 2004ರಲ್ಲಿ ಒಲಿಂಪಿಕ್ಸ್‌ಗೆ ಹೋದರು. 2024ರಲ್ಲಿ 14 ವರ್ಷದ ಧಿನಿಧಿ ದೇಸಿಂಗು ಪ್ಯಾರಿಸ್‌ನಲ್ಲಿ ಈಜಿದಳು. ಅವರು ಅಭಿನಂದನೆಗೆ ಅರ್ಹರು. ಆದರೆ ಅಂತಹ ಪ್ರತಿಯೊಬ್ಬಳ ಹಿಂದೆ ಅಲ್ಲಿಯವರೆಗೆ ತಲುಪದ ಸಾವಿರಾರು ಹುಡುಗಿಯರಿದ್ದಾರೆ. ಶಿಬಿರದ ನಿಜವಾದ ಬೆಲೆ ತಿಳಿಯುವುದು ಅವರಿಂದಲೇ.

ಆದ್ದರಿಂದ ಮಗಳನ್ನು ಕಳುಹಿಸುವ ಮುನ್ನ ನಿಮ್ಮನ್ನೇ ಹೀಗೆ ಕೇಳಿಕೊಳ್ಳಿ: ಪದಕ, ಪತ್ರಿಕೆಯ ಫೋಟೋ, ಸ್ಟಾಪ್‌ವಾಚ್ ಎಲ್ಲವನ್ನೂ ತೆಗೆದುಹಾಕಿದರೆ ಈ ಒಂದು ವಾರದಿಂದ ಅವಳ ಬಳಿ ಏನು ಉಳಿಯುತ್ತದೆ? ಆರೋಗ್ಯವಂತ ದೇಹ, ಸಹನೆ, ಆತ್ಮವಿಶ್ವಾಸ, ನೀರಿಗೆ ಬಿದ್ದವರ ಕೈ ಹಿಡಿಯುವ ಶಕ್ತಿ ಉಳಿಯುವುದಾದರೆ ಧಾರಾಳವಾಗಿ ಕಳುಹಿಸಿ. ಏನೂ ಉಳಿಯದೆಂದಾದರೆ ಪದಕ ಬಂದರೂ ಅದು ನಷ್ಟವೇ. ಮಕ್ಕಳು ನಮ್ಮ ಆಸ್ತಿಯಲ್ಲ, ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್. ನಾಳೆ ಆ ಅಮಾನತ್ತಿನ ಬಗ್ಗೆ ನಮ್ಮನ್ನು ವಿಚಾರಿಸಲಾಗುವಾಗ, ಅವಳು ಎಷ್ಟು ಸೆಕೆಂಡಿನಲ್ಲಿ ಗುರಿ ಮುಟ್ಟಿದಳೆಂದು ಯಾರೂ ಕೇಳಲಾರರು.