ಬಂದೂಕಿಗೆ ಪಾಪ ಅಂಟುತ್ತದೆಯೇ?

ಆಯುಧಪೂಜೆಯ ದಿನ ಶಸ್ತ್ರಾಗಾರದ ಮುಂದೆ ಜಮಖಾನ ಹಾಸಿ, ರೈಫಲ್‌ಗಳನ್ನು ಸಾಲಾಗಿ ಜೋಡಿಸಿ ಅರಿಶಿನ ಕುಂಕುಮ ಇಡುವಾಗ ಹೊಸ ಹುಡುಗರಲ್ಲಿ ಒಬ್ಬನಾದರೂ ನನ್ನನ್ನು ಪಕ್ಕಕ್ಕೆ ಕರೆದು ಕೇಳುತ್ತಿದ್ದ: “ಸಾರ್, ಇದ್ರಲ್ಲಿ ಯಾರನ್ನಾದ್ರೂ ಹೊಡ್ದಿದಾರಾ? ಹಂಗಿದ್ರೆ ಕೈ ಮುಗೀಬೋದಾ?” ಸಶಸ್ತ್ರ ಮೀಸಲು ಪಡೆಯಲ್ಲಿ ಬಂದೂಕು ನೋಡಿಕೊಳ್ಳುವ ಆರ್ಮರರ್ ಆಗಿ ನಿವೃತ್ತನಾದವನು ನಾನು. ನಕ್ಕು ಸುಮ್ಮನಾಗುವ ಪ್ರಶ್ನೆ ಇದಲ್ಲ. ಮುಗಿ, ಬಂದೂಕಿನ ಮರಕ್ಕೆ ಯಾವ ಪಾಪವೂ ಇಲ್ಲ ಎಂದೇ ನಾನು ಹೇಳುತ್ತಿದ್ದದ್ದು. ಹಾಗೆ ಹೇಳಲು ನನಗೆ ಆ ಮರವೇ ಆಧಾರ.

ನನ್ನ ಕೈಗೆ ಬರುತ್ತಿದ್ದವುಗಳಲ್ಲಿ ಹಳೆಯವು ಬಂಗಾಳದ ಈಶಾಪುರ ಕಾರ್ಖಾನೆಯ ತ್ರೀ ನಾಟ್ ತ್ರೀಗಳು. ಹೆಗಲಿಗೆ ಒತ್ತುವ ಬಟ್ಟು ಬೇರೆ, ಮುಂದಿನ ಮರ ಬೇರೆ. ಬಟ್ಟಿನ ತುದಿಗೆ ಹಿತ್ತಾಳೆಯ ಪಟ್ಟಿ. ಅದರ ಪುಟ್ಟ ಮುಚ್ಚಳ ತೆಗೆದರೆ ಒಳಗೆ ಎಣ್ಣೆ ಸೀಸೆ, ನಳಿಗೆ ಒರೆಸುವ ದಾರ. ಆ ಸೀಸೆಯ ಎಣ್ಣೆ ಕಬ್ಬಿಣಕ್ಕೆ. ಮರಕ್ಕೆ ಅಗಸೆ ಎಣ್ಣೆಯೇ ಆಗಬೇಕು. ಚುನಾವಣೆ ಬಂದಾಗ ಕನಕಪುರ, ಮಾಗಡಿ ಕಡೆಯ ರೈತರು ಬೆಳೆ ಕಾಯುವ ಕೋವಿಗಳನ್ನು ಠಾಣೆಗೆ ಒಪ್ಪಿಸುತ್ತಾರಲ್ಲ, ಅವುಗಳಲ್ಲಿ ಎಷ್ಟೋ ಕೋವಿಗಳಿಗೆ ಕೊಬ್ಬರಿ ಎಣ್ಣೆಯೋ ಹರಳೆಣ್ಣೆಯೋ ಬಳಿದಿರುತ್ತಿದ್ದರು. ಅವು ಎಂದಿಗೂ ಒಣಗುವುದಿಲ್ಲ. ಜಿಡ್ಡಾಗಿ ಧೂಳು ಹಿಡಿಯುತ್ತವೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಮರದ ನಾರಿನೊಳಗೇ ಗಟ್ಟಿಯಾಗುತ್ತದೆ. ಆಗ ಬಿಸಿಯೂ ಹುಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನಾಗಿ ಹೊತ್ತಿಕೊಳ್ಳಬಹುದು, ಹರವಿಯೇ ಒಣಗಿಸಬೇಕು. ಎರಡು ಹನಿ ಹಾಕಿ, ಮರ ಬೆಚ್ಚಗಾಗುವವರೆಗೆ ಅಂಗೈಯಲ್ಲಿ ಉಜ್ಜಿ, ಮಿಕ್ಕದ್ದನ್ನು ಒರೆಸಿ, ಆರಲು ಬಿಡಬೇಕು. ಆಮೇಲೆ ಮತ್ತೆ ಎರಡು ಹನಿ. ಇದು ಅಂದಕ್ಕಲ್ಲ. ಮಳೆಗಾಲದಲ್ಲಿ ತೇವ ಕುಡಿದ ಮರ ಸೊಟ್ಟಗಾಗಿ ನಳಿಗೆಯನ್ನು ಒತ್ತಿದರೆ ಗುಂಡು ಗುರಿ ಬಿಟ್ಟು ಹೋಗುತ್ತದೆ.

ಚನ್ನಪಟ್ಟಣದಲ್ಲಿ ನಮ್ಮ ಬೀದಿಯ ಬೊಂಬೆ ಕೆಲಸದವರು, “ನಮ್ಮಂಗೆ ಅರಗು ಹಾಕ್ಬಾರ್ದಾ ಸಾರ್, ಫಳಫಳ ಅನ್ನತ್ತೆ” ಅನ್ನುತ್ತಿದ್ದರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೇ ಅದನ್ನು ಕರಗಿಸಿ ಬಣ್ಣ ಹತ್ತಿಸುವ ಅವರ ಕೈಚಳಕ ನೋಡುತ್ತ ನಿಂತರೆ ಹೊತ್ತು ಹೋಗುವುದೇ ತಿಳಿಯದು. ಆದರೆ ಅರಗು ಮರದ ಮೇಲೆ ನಿಲ್ಲುವಂಥದ್ದು. ಪೆಟ್ಟು ಬಿದ್ದಲ್ಲಿ ಚಕ್ಕೆ ಏಳುತ್ತದೆ, ಅಲ್ಲಿಂದ ನೀರು ಇಳಿಯುತ್ತದೆ. ಬಂದೂಕಿಗೆ ಪೆಟ್ಟು ತಪ್ಪಿದ್ದಲ್ಲ.

ಮರ ತಗ್ಗಾದಲ್ಲಿ ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆ ಒತ್ತಿದರೆ ಆವಿಗೆ ನಾರು ಉಬ್ಬಿ ಮೇಲೇಳುತ್ತದೆ. ನಾರು ತುಂಡಾಗಿದ್ದರೆ ಏಳುವುದಿಲ್ಲ. ಹಾಗೆ ಉಳಿದ ಗಾಯಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದ್ದೇನೆ. ಎಲ್ಲವೂ ಲಾರಿಯಿಂದ ಇಳಿಸುವಾಗ, ಪರೇಡ್ ಮೈದಾನದಲ್ಲಿ ಆದವು. ಗುಂಡು ಯಾರಿಗೆ ತಗುಲಿತು ಎಂಬುದರ ಗುರುತು ಮರದಲ್ಲಿ ಎಲ್ಲೂ ಇರುವುದಿಲ್ಲ. ನಳಿಗೆಯ ಮಸಿ ಕುದಿನೀರಿಗೂ ಚಿಂದಿಗೂ ಹೋಗಿಬಿಡುತ್ತದೆ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಆ ಬಂದೂಕುಗಳನ್ನೂ ನನ್ನಂಥವನೊಬ್ಬ ಒರೆಸಿ, ಎಣ್ಣೆ ಹಚ್ಚಿ ಜಾಗದಲ್ಲಿ ಇಟ್ಟಿರಬೇಕು.

ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಕೃಷ್ಣ ಅರ್ಜುನನಿಗೆ ನೀನು ನಿಮಿತ್ತ ಮಾತ್ರ ಅನ್ನುತ್ತಾನೆ. ಪೊಲೀಸ್ ಲೈನಿನಲ್ಲಿ ಇದನ್ನೇ ಸಮಾಧಾನಕ್ಕೆ ಹೇಳಿಕೊಳ್ಳುವವರಿದ್ದಾರೆ: ಆರ್ಡರ್ ಬಂತು, ಹೊಡೆದ್ವಿ, ನಮ್ದೇನಿದೆ? ನಾನು ಒಪ್ಪುವುದಿಲ್ಲ. ಬರೀ ನಿಮಿತ್ತವಾದದ್ದು ಹೇಗಿರುತ್ತದೆಂದು ದಿನವೂ ಕೈಯಲ್ಲಿ ಹಿಡಿದು ನೋಡಿದವನು ನಾನು. ತಿರುಗಿಸಿದ ಕಡೆ ತಿರುಗುತ್ತದೆ, ಟ್ರಿಗರ್ ಎಳೆದರೆ ಹಾರುತ್ತದೆ, ಬೇಡ ಅನ್ನಲಾರದು. ಅರ್ಜುನ ಬೇಡ ಅಂದ. ಬಿಲ್ಲು ಕೆಳಗಿಟ್ಟು ರಥದಲ್ಲಿ ಕುಸಿದು ಕೂತ. ಅವನು ಹಾಗೆ ಕೂತದ್ದರಿಂದಲೇ ಕೃಷ್ಣ ಅಷ್ಟೆಲ್ಲ ಹೇಳಬೇಕಾಯಿತು. ಹೇಳಿ ಮುಗಿಸಿದ ಮೇಲೂ, ಯೋಚಿಸಿ ನಿನಗೆ ಸರಿಕಂಡಂತೆ ಮಾಡು ಎಂದು ಅವನಿಗೇ ಬಿಟ್ಟ. ಬಿಲ್ಲಿಗೆ ಯಾರೂ ಹಾಗೆ ಹೇಳುವುದಿಲ್ಲ.

ಮಹಾಪ್ರಸ್ಥಾನಕ್ಕೆ ಹೊರಟಾಗಲೂ ಅರ್ಜುನನಿಗೆ ತನ್ನ ಬಿಲ್ಲು ಗಾಂಡೀವದ ಆಸೆ ಬಿಟ್ಟಿರಲಿಲ್ಲ. ಅಗ್ನಿ ದಾರಿಗೆ ಅಡ್ಡ ನಿಂತು, ಅದು ವರುಣನದು, ಹಿಂದಕ್ಕೆ ಕೊಡು ಅಂದ. ಅರ್ಜುನ ಅದನ್ನು ನೀರಿಗೆ ಹಾಕಿದ. ಅಷ್ಟೊಂದು ಜನರನ್ನು ಕೊಂದ ಬಿಲ್ಲಿಗೆ ಯಾರೂ ಪ್ರಾಯಶ್ಚಿತ್ತ ಕೇಳಲಿಲ್ಲ. ಮುಂದೆ ಅರ್ಜುನ ದಾರಿಯಲ್ಲಿ ಬಿದ್ದಾಗ ಧರ್ಮರಾಯ ಕಾರಣ ಹೇಳಿದ: ಒಂದೇ ದಿನದಲ್ಲಿ ಶತ್ರುಗಳನ್ನೆಲ್ಲ ಸುಡುತ್ತೇನೆಂದು ಜಂಬ ಕೊಚ್ಚಿಕೊಂಡಿದ್ದ, ಉಳಿದ ಬಿಲ್ಲುಗಾರರನ್ನು ಹೀಗಳೆದಿದ್ದ. ಬಿಲ್ಲು ಒಡೆಯನ ಮನೆಗೆ ಹೋಯಿತು, ಲೆಕ್ಕ ಕೊಡಬೇಕಾದವನು ಅರ್ಜುನನೇ ಆದ.

ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಯಂತ್ರಗಳಿಗೂ ಆಯುಧಪೂಜೆಯ ದಿನವೇ ಪೂಜೆ. ಗೂಡಿನೊಳಗಿನ ಹುಳು ಸಾಯದೆ ಆ ನೂಲು ಬರುವುದಿಲ್ಲ. ನನಗೆ ಪರಿಚಯವಿರುವ ನೂಲು ಬಿಚ್ಚುವವರು ಯಾರೂ ಆ ಸಾವನ್ನು ಯಂತ್ರದ ತಲೆಗೆ ಕಟ್ಟುವುದಿಲ್ಲ. ನಮ್ಮ ಹೊಟ್ಟೆಪಾಡು, ನಮ್ಮ ಪಾಲಿನದು ಅನ್ನುತ್ತಾರೆ. ಆ ಮಾತಿನ ಮೇಲೆ ನನಗೆ ಗೌರವವಿದೆ.

ಅಕ್ಟೋಬರ್ 21ರ ಪೊಲೀಸ್ ಹುತಾತ್ಮರ ದಿನದಂದು, ಆ ವರ್ಷ ಕರ್ತವ್ಯದಲ್ಲಿ ಮಡಿದ ನಮ್ಮವರ ಹೆಸರುಗಳನ್ನು ಒಂದೊಂದಾಗಿ ಓದುತ್ತೇವೆ. ಅದರ ಆಸುಪಾಸಿನಲ್ಲೇ ಬರುವ ಆಯುಧಪೂಜೆಯಲ್ಲಿ, ನಮ್ಮ ಗುಂಡಿಗೆ ಸತ್ತವರ ಹೆಸರುಗಳನ್ನೂ ಓದಬೇಕೆಂಬುದು ನನ್ನ ಆಸೆ. ಹೊಡೆದದ್ದು ನ್ಯಾಯವಾಗಿದ್ದರೂ ಸರಿ. ಹಬ್ಬದ ದಿನ ಅಮಂಗಳ ಬೇಡ ಅನ್ನುತ್ತಾರೆ ಸ್ನೇಹಿತರು. ಬೂದುಗುಂಬಳಕ್ಕೆ ಕುಂಕುಮ ತುಂಬಿ ಕೆಂಪಾಗಿಸಿ, ಬಂದೂಕುಗಳ ಮುಂದೆ ಬಲಿ ಅಂತ ಒಡೆಯುವವರೂ ನಾವೇ. ಅದು ಯಾವುದರ ಬದಲಿಗೆ ಎಂಬುದು ಗೊತ್ತಿದ್ದೇ ಒಡೆಯುತ್ತೇವೆ.