ಆಡುವ ಎಲೆ, ಕೇಳುವ ಎಲೆ

ಹೈದರಾಬಾದಿನಲ್ಲಿ ಹಿಂದೆ ಭವಿಷ್ಯ ಬೇಕಾದವರು ಗಿಳಿಶಾಸ್ತ್ರದವನ ಮುಂದೆ ಕೂರುತ್ತಿದ್ದರು. ಈಗ ಅದೇ ಕೆಲಸವನ್ನು ತಂಪು ಕೊಠಡಿಗಳಲ್ಲಿ ಟ್ಯಾರೋ ಎಲೆಗಳು ಮಾಡುತ್ತಿವೆ. ನನ್ನ ಸೋದರ ಸೊಸೆ, ಇರುವ ನೌಕರಿ ಬಿಡಬೇಕೋ ಬೇಡವೋ ಎಂದು ಕೇಳಲು ಅಂಥ ಕಡೆ ಹೋಗಿಬಂದಳು. "ಆಟದ ಎಲೆಯನ್ನು ಬದುಕಿನ ಮಾತು ಕೇಳುವುದೆ?" ಎಂದು ನಕ್ಕೆ. ಅವಳು ನಗಲಿಲ್ಲ. "ನನ್ನ ಮದುವೆಗೆ ಮುಂಚೆ ದೇವಸ್ಥಾನದಲ್ಲಿ ಹೂಪ್ರಸಾದ ಕೇಳಿದವರು ನೀವೇ ಅಲ್ಲವೆ, ಮಾವ?" ಎಂದಳು.

ನನಗೆ ಉತ್ತರ ತೋಚಲಿಲ್ಲ. ಆದರೆ ಅದು ಆಟದ ಎಲೆಯೆಂಬುದೇನೋ ನಿಜ. ಹದಿನೈದನೆಯ ಶತಮಾನದ ಇಟಲಿಯಲ್ಲಿ ಹುಟ್ಟಿದ ಟ್ಯಾರೋ, ಸುಮಾರು ಮೂರು ಶತಮಾನ ಮುಖ್ಯವಾಗಿ ಆಟವಾಗಿಯೇ ಇತ್ತು. 1781ರಲ್ಲಿ ಕೂರ್ ದ ಜೆಬೆಲ್ಯಾಂ ಎಂಬ ಫ್ರೆಂಚ್ ವಿದ್ವಾಂಸ ಇದು ಪ್ರಾಚೀನ ಈಜಿಪ್ಟಿನ ಗೂಢವಿದ್ಯೆ ಎಂದು ಬರೆದ. ಅದಕ್ಕೆ ಆಧಾರವಿರಲಿಲ್ಲ, ನಂಬುವವರಿಗೆ ಕೊರತೆಯೂ ಇರಲಿಲ್ಲ. ಫ್ರಾನ್ಸಿನಲ್ಲಿ ಇಂದಿಗೂ 78 ಎಲೆಗಳ ಕಟ್ಟು ಹಿಡಿದು ಜನ ಆಡುತ್ತಾರೆ.

ನಮ್ಮ ಗಂಜೀಫವನ್ನೇ ನೋಡಿ. ನಮಗೆ ಹತ್ತಿರದ ನಿರ್ಮಲ್‌ನಲ್ಲಿ ಈ ದುಂಡನೆಯ ಎಲೆಗಳಿಗೆ ಬಣ್ಣ ಹಾಕುತ್ತಿದ್ದರು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಹೊಸ ಗಂಜೀಫಗಳನ್ನು ಕಲ್ಪಿಸಿ 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಸೇರಿಸಿದರು. ದಶಾವತಾರ ಗಂಜೀಫದಲ್ಲಿ 120 ಎಲೆ. ಒಂದೊಂದು ಅವತಾರಕ್ಕೂ ರಾಜ, ಮಂತ್ರಿ, ಮತ್ತೆ ಒಂದರಿಂದ ಹತ್ತು. ಐದು ಅವತಾರಗಳಲ್ಲಿ ಹತ್ತು ದೊಡ್ಡದಾದರೆ ಉಳಿದ ಐದರಲ್ಲಿ ಒಂದೇ ದೊಡ್ಡದು! ಹಗಲಿನ ಆಟವನ್ನು ರಾಮನ ಎಲೆ ಹಿಡಿದವನು ಆರಂಭಿಸಬೇಕು, ಇರುಳಿನದನ್ನು ಕೃಷ್ಣನ ಎಲೆ ಹಿಡಿದವನು. ಸಾಕ್ಷಾತ್ ದೇವರೇ ಕೈಗೆ ಬಂದರೂ, ಬಿದ್ದ ಎಲೆಗಳ ನೆನಪಿಲ್ಲದವನು ಸೋಲುತ್ತಾನೆ.

ಇದನ್ನೇ ಸುಪ್ರೀಂ ಕೋರ್ಟು 1967ರಲ್ಲಿ, ಸಿಕಂದರಾಬಾದಿನ ಕ್ಲಬ್ಬೊಂದರ ಮೊಕದ್ದಮೆಯಲ್ಲಿ, ರಮ್ಮಿಯ ಬಗ್ಗೆ ಹೇಳಿತು. ಎಲೆ ಬರುವುದು ಅದೃಷ್ಟ. ಬಿದ್ದದ್ದನ್ನು ನೆನಪಿಡುವುದು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕೆಂದು ತೂಗುವುದು ಚಾತುರ್ಯ. (ಹಣ ಕಟ್ಟಿ ಆಡುವವರ ಮೇಲೆ ತೆಲಂಗಾಣ ಸರ್ಕಾರ 2017ರಲ್ಲಿ ಕಾನೂನು ಬಿಗಿ ಮಾಡಿದ್ದು ಬೇರೆ ಮಾತು.) ಭವಿಷ್ಯ ಕೇಳುವವನು ಎಲೆ ಹಂಚುವ ಕೆಲಸದ ಜೊತೆಗೆ ಆಡುವ ಕೆಲಸವನ್ನೂ ಅದೃಷ್ಟಕ್ಕೇ ಬಿಟ್ಟುಕೊಡುತ್ತಾನೆ. ಸೋತರೆ ಹೊಣೆ ಎಲೆಯದು. ನನ್ನ ಆಕ್ಷೇಪ ಇಷ್ಟೇ.

ಇಷ್ಟನ್ನೂ ಅವಳಿಗೆ ಸಾವಕಾಶವಾಗಿ ಹೇಳಿದೆ. ಅವಳು ಕೇಳಿಸಿಕೊಂಡು, "ಬಿಡಬೇಕೆಂದು ಹೋಗುವ ಮೊದಲೇ ನಿಶ್ಚಯಿಸಿದ್ದೆ, ಮಾವ. ಆದರೆ ಅರ್ಧ ಗಂಟೆ ನಡುವೆ ಬಾಯಿ ಹಾಕದೆ ನನ್ನ ಮಾತು ಕೇಳಿದವರು ಅವರೊಬ್ಬರೇ" ಎಂದಳು.

ಅಂದು ದೇವಸ್ಥಾನದಲ್ಲಿ ನಾನೂ ನಿಶ್ಚಯಿಸಿಯೇ ನಿಂತಿದ್ದೆ. ಹೂ ಮೊದಲು ಎಡಕ್ಕೆ ಬಿತ್ತು. ಅರ್ಚಕರಿಗೆ ಹೇಳಿ ಇನ್ನೊಮ್ಮೆ ಕೇಳಿಸಿದೆ, ಬಲಕ್ಕೆ ಬಂತು. ಮನೆಯಲ್ಲಿ ಎರಡನೆಯದನ್ನು ಮಾತ್ರ ಹೇಳಿದ್ದೆ.