ತಪ್ಪಿನ ಲೆಕ್ಕ

ಪರಮಾಣುವಿನ ಒಡಲಲ್ಲಿ ಕ್ವಾರ್ಕುಗಳನ್ನು ಬಿಗಿದಿಟ್ಟಿರುವ ಪ್ರಬಲ ಬಲವನ್ನು ಕಾಗದದ ಮೇಲೆ ಲೆಕ್ಕ ಹಾಕುವುದು ಬಲು ಕಷ್ಟ. 1974ರಲ್ಲಿ ಅಮೆರಿಕದ ಕೆನೆತ್ ವಿಲ್ಸನ್ ಒಂದು ದಾರಿ ತೋರಿದರು: ದೇಶಕಾಲಗಳನ್ನು ಜಾಲರಿಯಂತೆ ಬಿಡಿ ಬಿಂದುಗಳಾಗಿಸಿ ಎಣಿಸುವುದು. ಆದರೆ ಆ ಜಾಲರಿ ಪ್ರಕೃತಿಯದಲ್ಲ, ನಾವು ಹೆಣೆದದ್ದು.

ಹೀಗಾಗಿ ತಪ್ಪಿನಲ್ಲಿ ಎರಡು ಬಗೆ. ಮಾದರಿಗಳು ಕಡಿಮೆಯಾಗಿ ಬರುವ ತಪ್ಪು, ಮಾದರಿಗಳನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ಅರ್ಧಕ್ಕಿಳಿಯುತ್ತದೆ. ಜಾಲರಿಯಿಂದಲೇ ಬರುವ ತಪ್ಪು ಹಾಗೆ ಕರಗದು; ಅದರ ಕಣ್ಣುಗಳನ್ನು ಕಿರಿದಾಗಿಸಬೇಕು, ಸೂತ್ರವನ್ನೇ ತಿದ್ದಬೇಕು.

ಇವೆರಡಕ್ಕಿಂತ ಸೂಕ್ಷ್ಮವಾದದ್ದು ಎಣಿಸುವವನ ಆಸೆ. ಬಯಸಿದ ಉತ್ತರ ಸಿಕ್ಕೊಡನೆ ನಾವು ತಪ್ಪು ಹುಡುಕುವುದನ್ನು ನಿಲ್ಲಿಸುತ್ತೇವೆ. ಅದಕ್ಕೇ ಮ್ಯೂಆನ್ ಕಣದ ಕಾಂತಗುಣವನ್ನು ಎಣಿಸಿದ ಕೆಲವು ತಂಡಗಳು ತಮ್ಮ ಅಂಕಿಗಳನ್ನು ಗುಪ್ತ ಸಂಖ್ಯೆಯಿಂದ ಗುಣಿಸಿ ತಮ್ಮಿಂದಲೇ ಮರೆಮಾಡಿದವು. ತಪ್ಪನ್ನೆಲ್ಲ ಅಳೆದ ಮೇಲೆಯೇ ಪರದೆ ಸರಿಸಿದವು. ಸಿದ್ಧಾಂತಕ್ಕೂ ಪ್ರಯೋಗಕ್ಕೂ ನಡುವೆ 2021ರಲ್ಲಿ ಸಂಭ್ರಮ ಹುಟ್ಟಿಸಿದ್ದ ಅಂತರ, 2025ರಲ್ಲಿ ಜಾಲರಿ ಲೆಕ್ಕಗಳನ್ನು ಒಪ್ಪಿಕೊಂಡಾಗ ಬಹುತೇಕ ಕರಗಿತು.

ಪಕ್ಕದ ಬೀದಿಯವರ ಬಗ್ಗೆ ಗಾಳಿಮಾತು ಬಂದಾಗ ನಾವೇನು ಮಾಡುತ್ತೇವೆ? ಹತ್ತು ಬಾಯಿ ಹೇಳಿತೆಂದು ನಂಬುತ್ತೇವೆ. ನಮ್ಮ ನೋಟದ ಜಾಲರಿಯೇ ಒರಟಾಗಿದ್ದರೆ ನೂರು ಬಾಯಿ ಹೇಳಿದರೂ ಅದೇ ತಪ್ಪು. ತೀರ್ಪಿಗೆ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳೋಣ: ಇದು ನಿಜವೇ, ಅಥವಾ ನಿಜವಾಗಲೆಂದು ನಾವು ಬಯಸಿದ್ದೇ?